ಎಕ್ಸ್‌ಪ್ರೆಸ್‌ವೇಯಲ್ಲಿ ಎಲೆಕ್ಟ್ರಿಕ್ ಕಾರು: ಎಷ್ಟು ಸ್ಪೀಡು ಸಾಕು?

ಪುಣೆಯಿಂದ ಮುಂಬೈನ ಮಾಟುಂಗದಲ್ಲಿರುವ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೊರಟಿದ್ದೀರಾ? ಕಾರು ಎಷ್ಟು ಸ್ಪೀಡಾಗಿ ಓಡುತ್ತದೆ ಅನ್ನೋ ಚಿಂತೆ ಬಿಡಿ. ಕ್ರೊಯೇಷಿಯಾದ ಎಲೆಕ್ಟ್ರಿಕ್ ಕಾರು ರಿಮಾಕ್ ನೆವೆರಾ ಗಂಟೆಗೆ 412 ಕಿ.ಮೀ. ಮುಟ್ಟಿದೆ, ನಮಗೇನು? ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಮಿತಿ 100. ಘಾಟ್‌ನಲ್ಲಿ ಇನ್ನೂ ಕಡಿಮೆ, ಬೋರ್ಡ್ ನೋಡಿಕೊಳ್ಳಿ.

ಸುಮ್ನೆ ಆಕ್ಸಿಲರೇಟರ್ ಒತ್ತಬೇಡಿ. 80ರಿಂದ 100ಕ್ಕೆ ಹೋದರೆ ವೇಗ ಕಾಲು ಭಾಗ ಹೆಚ್ಚುತ್ತದೆ, ಆದರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಅದನ್ನೆಲ್ಲ ಭರಿಸೋದು ಬ್ಯಾಟರಿಯೇ ಅಲ್ವಾ. ಕ್ರೂಸ್ ಕಂಟ್ರೋಲ್ ಇದ್ದರೆ 80–85ಕ್ಕೆ ಹಾಕಿ, ಎಡ ಲೇನ್ ಲಾರಿಗಳಿಗೆ ಬಿಟ್ಟು ಮಧ್ಯದಲ್ಲಿ ಹೋಗಿ.

ಲೋಣಾವಳ ದಾಟಿದ ಮೇಲೆ ಇಳಿಜಾರು. ರೀಜೆನ್ (ಮೋಟರೇ ಕಾರನ್ನು ನಿಧಾನಿಸಿ ಬ್ಯಾಟರಿ ತುಂಬಿಸುವ ವ್ಯವಸ್ಥೆ) ಜಾಸ್ತಿ ಇಡಿ. ಬ್ರೇಕ್ ಬಿಸಿಯಾಗಲ್ಲ, ಚಾರ್ಜೂ ಸ್ವಲ್ಪ ವಾಪಸ್ ಬರುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ ರೀಜೆನ್ ಸರಿಯಾಗಿ ಕೆಲಸ ಮಾಡಲ್ಲ, ಹಾಗಾಗಿ ಲೋಣಾವಳದಲ್ಲಿ ಚಿಕ್ಕಿ ಕೊಳ್ಳುವ ನೆಪದಲ್ಲಿ 100 ಪರ್ಸೆಂಟ್ ಚಾರ್ಜ್ ಮಾಡಿಸಬೇಡಿ.

ವಾಪಸ್ ಬರುವಾಗ ಕಥೆ ಉಲ್ಟಾ. ಖೋಪೋಲಿಯಿಂದ ಏರು ಶುರು, ರೇಂಜ್ (ಉಳಿದ ಚಾರ್ಜ್‌ನಲ್ಲಿ ಹೋಗಬಹುದಾದ ದೂರ) ಸರಸರ ಇಳಿಯುತ್ತದೆ. ಗಾಬರಿ ಬೇಡ, ಮೇಲೆ ಹತ್ತಿದ ಮೇಲೆ ಅದು ತಹಬಂದಿಗೆ ಬರುತ್ತದೆ. ಆದರೂ ಘಾಟ್ ಹತ್ತುವ ಮೊದಲು 30 ಪರ್ಸೆಂಟಾದರೂ ಇರಲಿ.