ನಲವತ್ತೇಳಕ್ಕೆ ಕಾಪರ್ ಟಿ ತೆಗೆಸಿದೆ, ಆಮೇಲೆ?

ನಮ್ಮ ಕಡೆ ಹೆಚ್ಚಿನ ಹೆಂಗಸರಿಗೆ ಈ ಪ್ರಶ್ನೆಯೇ ಬರುವುದಿಲ್ಲ. ಎರಡನೇ ಹೆರಿಗೆ ಆದ ಕೂಡಲೇ ಮಕ್ಕಳಾಗದ ಹಾಗೆ ಆಪರೇಷನ್ನೂ ಮುಗಿದಿರುತ್ತದೆ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಪರೇಷನ್ ಮಾಡಿಸಿಕೊಂಡವರೇ. ಮಕ್ಕಳಾಗದ ಹಾಗೆ ಬಳಸುತ್ತಿರುವುದನ್ನು ಯಾವಾಗ ನಿಲ್ಲಿಸಬೇಕು ಅಂತ ಅವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನನ್ನ ಕಥೆ ಬೇರೆ. ಮಗ ಹುಟ್ಟಿದಾಗ ನನಗೆ ರಕ್ತ ತುಂಬಾ ಕಡಿಮೆ ಇತ್ತು, ಆಪರೇಷನ್ ಆಮೇಲೆ ನೋಡೋಣ ಅಂದರು. ಆಮೇಲೆ ಯಾರೂ ನೋಡಲಿಲ್ಲ. ಬಸಿರಾಗದ ಹಾಗೆ ಗರ್ಭಕೋಶದೊಳಗೆ ಇಡುವ ಕಾಪರ್ ಟಿ, ಮೊದಲು ಐದು ವರ್ಷದ್ದು, ಅದು ಮುಗಿದ ಮೇಲೆ ಹತ್ತು ವರ್ಷದ್ದು ಹಾಕಿಸಿಕೊಂಡು ಆರಾಮಾಗಿದ್ದೆ. ಹತ್ತು ವರ್ಷದ್ದು ಹಾಕಿಸಿದಾಗ ನನಗೆ 38. ಅಂದರೆ 48ಕ್ಕೆ ಅದರ ಅವಧಿ ಮುಗಿಯಬೇಕು.

46 ದಾಟಿದ ಮೇಲೆ ಮುಟ್ಟು ತಾಳ ತಪ್ಪಿತು. ಎರಡು ತಿಂಗಳು ಬರಲ್ಲ, ಆಮೇಲೆ ಬಂದರೆ ಹತ್ತು ದಿನ ನಿಲ್ಲಲ್ಲ. ವಿಜಯನಗರದಿಂದ ಆಫೀಸಿಗೆ ಮೆಟ್ರೋದಲ್ಲಿ ಹೋಗುವಾಗ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತಿದ್ದೆ. ಯಾಕೆ ಅಂತ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಮೋಗ್ಲೋಬಿನ್ 9.6ಕ್ಕೆ ಇಳಿದಿತ್ತು.

ಮನೆಯಲ್ಲಿ ಎಲ್ಲರ ಹತ್ತಿರವೂ ಸಲಹೆ ಇತ್ತು. ಅತ್ತೆಗೆ ಒಳಗೊಳಗೇ ಖುಷಿ. "ಇನ್ನೇನು ನಿಂತೋಯ್ತು ಬಿಡಮ್ಮ, ಅದನ್ನ ತೆಗೆಸಿ ಬಿಸಾಕು. ಇನ್ಮೇಲೆ ಹಬ್ಬಕ್ಕೆ ಯೋಚ್ನೆ ಇಲ್ಲ" ಅಂದರು. ಪಕ್ಕದ ಮನೆಯವರು "ನಲವತ್ತೈದಾದ್ಮೇಲೆ ಯಾರಿಗ್ರೀ ಮಕ್ಕಳಾಗತ್ತೆ" ಅಂದರು. ಹಾಸನದಲ್ಲಿರುವ ಅಕ್ಕ ಇದಕ್ಕೆ ಉಲ್ಟಾ. "ವಂಕಿ ತಂಟೆಗೆ ಹೋಗ್ಬೇಡ, ಅದರ ಪಾಡಿಗೆ ಅದು ಇರಲಿ" ಅಂತ. ಕಾಪರ್ ಟಿಗೆ ಅವಳು ವಂಕಿ ಅನ್ನುತ್ತಾಳೆ. ಹಾಕಿಸಿಕೊಳ್ಳಿ ಅಂತ ಹೇಳುವ ಪೋಸ್ಟರ್ ಆರೋಗ್ಯ ಕೇಂದ್ರದ ಗೋಡೆ ತುಂಬಾ ಇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು 1930ರಲ್ಲೇ ಆದೇಶ ಮಾಡಿದ್ದು ನಮ್ಮ ಮೈಸೂರು ಸರ್ಕಾರ, ಜಗತ್ತಿನಲ್ಲೇ ಮೊದಲು ಅನ್ನುತ್ತಾರೆ. ಇಷ್ಟೆಲ್ಲ ಇದ್ದೂ, ಯಾವಾಗ ನಿಲ್ಲಿಸಬಹುದು ಅಂತ ಒಂದು ಸಾಲು ಬರೆದಿದ್ದನ್ನು ನಾನು ಯಾವ ಗೋಡೆಯ ಮೇಲೂ ಕಾಣಲಿಲ್ಲ.

ಒಂದು ಲ್ಯಾಬಿನವರು 'ನಲವತ್ತು ದಾಟಿದ ಮಹಿಳೆಯರಿಗೆ' ಅಂತ ಪ್ಯಾಕೇಜ್ ಮಾಡಿದ್ದರು. ಮನೆಗೇ ಬಂದು ರಕ್ತ ತಗೊಂಡು ಹೋದರು. ಎಫ್‌ಎಸ್‌ಎಚ್ ಜಾಸ್ತಿ, ಎಎಂಎಚ್ ತಳ ಕಂಡಿದೆ ಅಂತ ಕೆಂಪು ಅಕ್ಷರದಲ್ಲಿ ರಿಪೋರ್ಟ್ ಬಂತು. ಎರಡೂ ಅಂಡಾಶಯದ ಕೆಲಸಕ್ಕೆ ಸಂಬಂಧಿಸಿದ ಹಾರ್ಮೋನ್‌ಗಳು. ಫೋನ್ ಮಾಡಿದ ಹುಡುಗಿ "ಮೇಡಂ, ನಿಮಗೆ ಮೆನೋಪಾಸ್ ಆಗಿದೆ", ಅಂದರೆ ಮುಟ್ಟು ನಿಂತೇ ಹೋಗಿದೆ ಅಂತ ಹೇಳಿಯೂ ಬಿಟ್ಟಳು. ಅದಾಗಿ ಸ್ವಲ್ಪ ದಿನಕ್ಕೆ ಮತ್ತೆ ಮುಟ್ಟು ಬಂತು, ಅದೂ ಜೋರಾಗಿ.

ಆಗ ಸ್ತ್ರೀರೋಗ ತಜ್ಞೆ ಒಬ್ಬರ ಹತ್ತಿರ ಹೋದೆ. ವಯಸ್ಸಾದ ಡಾಕ್ಟರು, ಮಾತು ಕಮ್ಮಿ. ರಿಪೋರ್ಟ್ ನೋಡಿ ಪಕ್ಕಕ್ಕಿಟ್ಟರು. "ಈ ವಯಸ್ಸಲ್ಲಿ ಎಫ್‌ಎಸ್‌ಎಚ್ ಈ ತಿಂಗಳು ಏರತ್ತೆ, ಮುಂದಿನ ತಿಂಗಳು ಇಳಿಯತ್ತೆ. ಒಂದು ಸಲದ ನಂಬರ್ ನಂಬ್ಕೊಂಡು ಎಲ್ಲಾ ನಿಲ್ಲಿಸೋದು, ಬೆಳಿಗ್ಗೆ ಬಿಸಿಲು ನೋಡ್ಕೊಂಡು ಬೆಂಗಳೂರಲ್ಲಿ ಛತ್ರಿ ಬಿಟ್ಟು ಹೋದ ಹಾಗೆ" ಅಂದರು. ಎಎಂಎಚ್ ಕಡಿಮೆ ಅಂದರೆ ಮೊಟ್ಟೆಗಳು ಕಡಿಮೆ ಉಳಿದಿವೆ ಅಂತ ಅಷ್ಟೇ. ಉಳಿದಿದ್ದರಲ್ಲಿ ಒಂದು ಬಿಡುಗಡೆಯಾದರೂ ಬಸಿರಾಗಬಹುದು. ತಿಂಗಳು ತಪ್ಪಿ ತಪ್ಪಿ ಬರುವ ಈ ಕಾಲದಲ್ಲಿ ಅದು ಯಾವತ್ತು ಬಿಡುಗಡೆ ಆಗುತ್ತದೆ ಅಂತ ಹೇಳೋಕೆ ಬರಲ್ಲ. ಹಾಗಾಗಿ 'ಸೇಫ್ ದಿನ' ಎಣಿಸುವ ಲೆಕ್ಕ ಈ ವಯಸ್ಸಿಗೆ ಸುತಾರಾಂ ಬೇಡ ಅಂದರು.

ಹಾಗಾದರೆ ಯಾವಾಗ? ಅವರು ಹೇಳಿದ ನಿಯಮ ಸರಳ. ಐವತ್ತು ದಾಟಿದವರಿಗೆ ಮುಟ್ಟು ನಿಂತು ಪೂರ್ತಿ ಒಂದು ವರ್ಷ ಆಗಿರಬೇಕು. ಐವತ್ತರ ಒಳಗಿನವರಿಗೆ ಎರಡು ವರ್ಷ. 55 ಆದರೆ ಸಾಮಾನ್ಯವಾಗಿ ಯಾರು ಬೇಕಾದರೂ ನಿಲ್ಲಿಸಬಹುದು. ಬ್ರಿಟನ್ನಿನ ಡಾಕ್ಟರುಗಳ ಮಾರ್ಗಸೂಚಿಯಲ್ಲಿರುವುದೂ ಇದೇ. ಮೆನೋಪಾಸ್ ಅನ್ನಲು ಹನ್ನೆರಡು ತಿಂಗಳು ಸಾಕು, ಆದರೆ ಚಿಕ್ಕ ವಯಸ್ಸಿಗೇ ನಿಂತವರಲ್ಲಿ ಅಂಡಾಶಯ ಮತ್ತೆ ಎದ್ದು ಕೂರುವುದುಂಟು. ಅದಕ್ಕೇ ಇನ್ನೊಂದು ವರ್ಷ ಜಾಸ್ತಿ. ನಮ್ಮ ದೇಶದಲ್ಲಿ ಸರಾಸರಿ 46-47ಕ್ಕೇ ಮುಟ್ಟು ನಿಲ್ಲುತ್ತದೆ, ಯುರೋಪಿನಲ್ಲಿ 51ರ ಸುಮಾರಿಗೆ. ಹಾಗಾಗಿ ಈ ಎರಡು ವರ್ಷದ ಮಾತು ಅವರಿಗಿಂತ ನಮಗೇ ಜಾಸ್ತಿ ಅನ್ವಯಿಸುತ್ತದೆ.

ಈ ಎಣಿಕೆ ಕಾಪರ್ ಟಿ, ಕಾಂಡೋಮ್ ಬಳಸುವವರಿಗೆ ಮಾತ್ರ ಸರಿ. ಮಾತ್ರೆ ತಗೊಳ್ಳುವವರಿಗೆ ತಿಂಗಳು ತಿಂಗಳು ಬರುವುದು ಮಾತ್ರೆ ತರಿಸುವ ರಕ್ತಸ್ರಾವ. ಇಂಜೆಕ್ಷನ್ ತಗೊಳ್ಳುವವರಿಗೆ ಮುಟ್ಟು ನಿಂತಿರುವುದು ಇಂಜೆಕ್ಷನ್ನಿನಿಂದಲೂ ಇರಬಹುದು. ಇವೆರಡರಲ್ಲೂ ನಮ್ಮ ದೇಹ ಎಲ್ಲಿಗೆ ಬಂದಿದೆ ಅಂತ ಹೊರಗಿನಿಂದ ತಿಳಿಯಲ್ಲ. ಅಂಥವರು ಐವತ್ತರ ಹೊತ್ತಿಗೆ ಡಾಕ್ಟರ ಹತ್ತಿರ ಕೂತು ವಿಧಾನ ಬದಲಿಸಿಕೊಳ್ಳುವುದು ಒಳ್ಳೆಯದು. ನಮ್ಮ ಆಫೀಸಿನಲ್ಲಿ ಒಬ್ಬರು ಬೆವರು, ಸೆಕೆ ಅಂತ ಹಾರ್ಮೋನ್ ಚಿಕಿತ್ಸೆ ತಗೊಳ್ತಿದ್ದರು. ಅದೇ ಮಾತ್ರೆ ಗರ್ಭವನ್ನೂ ತಡೆಯುತ್ತದೆ ಅಂತ ತಿಳಿದುಕೊಂಡಿದ್ದರು. ತಡೆಯಲ್ಲ.

ನನ್ನ ಮುಂದೆ ಇದ್ದದ್ದು ಮೂರು ದಾರಿ. ಇರುವುದನ್ನು ಹಾಗೇ ಬಿಡುವುದು, ತೆಗೆಸಿ ಬೇರೆ ಏನಾದರೂ ಬಳಸುವುದು, ತೆಗೆಸಿ ಸುಮ್ನೆ ಇದ್ದುಬಿಡುವುದು. 40 ಆದ ಮೇಲೆ ಹಾಕಿಸಿದ ಕಾಪರ್ ಟಿ ಆಗಿದ್ದರೆ ಮುಟ್ಟು ನಿಲ್ಲುವ ತನಕ ಬಿಡಬಹುದಂತೆ. ನನ್ನದು 38ಕ್ಕೆ ಹಾಕಿಸಿದ್ದು. ಅದೂ ಅಲ್ಲದೆ ಕಾಪರ್ ಟಿ ಇದ್ದರೆ ಹೋಗುವುದು ಜಾಸ್ತಿ, ನನ್ನ ರಕ್ತ ಮೊದಲೇ ಕಡಿಮೆ. ಮಾಲಾ-ಡಿ ಥರದ ಗರ್ಭ ತಡೆಯುವ ಮಾತ್ರೆ ಬೇಡವೇ ಬೇಡ ಅಂದರು, ಯಾಕೆಂದರೆ ನನಗೆ ಬಿಪಿ ಇದೆ. 35 ದಾಟಿ ಸಿಗರೇಟ್ ಸೇದುವವರಿಗೂ ಆ ಮಾತ್ರೆ ಆಗಿಬರಲ್ಲವಂತೆ. ಸ್ಕ್ಯಾನಿಂಗ್ ಆಯಿತು, ಸಣ್ಣದೊಂದು ಗಡ್ಡೆ ಬಿಟ್ಟರೆ ಹೆದರುವಂಥದ್ದೇನೂ ಇರಲಿಲ್ಲ.

ಮೂರನೇ ದಾರಿಯ ಆಸೆ ನನಗಿತ್ತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷ ಒಳಗೆ ಒಂದು ವಸ್ತು ಇಟ್ಟುಕೊಂಡು ಸಾಕಾಗಿತ್ತು.

ಡಿಸೆಂಬರ್ ತಿಂಗಳು, ಅವರೆಕಾಯಿ ಕಾಲ. ಒಂದು ಭಾನುವಾರ ನಾನೂ ನಮ್ಮೆಜಮಾನರೂ ಅಡುಗೆಮನೆ ನೆಲದ ಮೇಲೆ ಕೂತು ನೆನೆಸಿಟ್ಟ ಕಾಳು ಹಿಚುಕುತ್ತಿದ್ದೆವು. ಮಕ್ಕಳಿಬ್ಬರೂ ಇನ್ನೂ ಎದ್ದಿರಲಿಲ್ಲ. ಕೈಗೆ ಕೆಲಸ ಇದ್ದರೆ ಅವರು ಮಾತಾಡುತ್ತಾರೆ, ಇಲ್ಲದಿದ್ದರೆ ಫೋನ್ ನೋಡುತ್ತಾರೆ. ಅದಕ್ಕೇ ಆಗ ಕೇಳಿದೆ.

"ರೀ, ತೆಗೆಸಿಬಿಟ್ಟು ಏನೂ ಬೇಡ ಅಂತ ಇದ್ದುಬಿಟ್ರೆ?"

"ಇರು. ಈ ವಯಸ್ಸಲ್ಲಿ ಎಲ್ಲಿ ಆಗತ್ತೆ?"

"ಆಗತ್ತಾ ಇಲ್ವಾ ಅಂತ ಕೇಳ್ತಿಲ್ಲ. ಆದ್ರೆ ಏನ್ಮಾಡೋಣ?"

ಒಂದು ಕಾಳು ಅವರ ಬೆರಳಿಂದ ಜಾರಿ ಫ್ರಿಜ್ ಕೆಳಗೆ ಹೋಯಿತು. ಅದನ್ನು ಹುಡುಕುವ ನೆವದಲ್ಲಿ ಸ್ವಲ್ಪ ಹೊತ್ತು ಬಗ್ಗಿಕೊಂಡೇ ಇದ್ದರು. ಆಮೇಲೆ, "ಇನ್ನೊಂದು ಮಗು ಸಾಕೋಕೆ ನನ್ನ ಕೈಲಾಗಲ್ಲ ಕಣೇ. ಬಸಿರು ತೆಗೆಸು ಅಂತ ನಿಂಗೆ ಹೇಳೋಕೂ ನಂಗೆ ಬಾಯಿ ಬರಲ್ಲ" ಅಂದರು.

ನನ್ನ ನಿರ್ಧಾರ ಆಗಿದ್ದು ಅಲ್ಲಿ. ಅಲ್ಲಿಯ ತನಕ ನಾವಿಬ್ಬರೂ, ಅತ್ತೆ, ಪಕ್ಕದ ಮನೆಯವರು, ಲ್ಯಾಬಿನ ಹುಡುಗಿ, ಎಲ್ಲರೂ ಲೆಕ್ಕ ಹಾಕುತ್ತಿದ್ದದ್ದು ಚಾನ್ಸ್ ಎಷ್ಟು ಅಂತ. ಚಾನ್ಸ್ ಕಡಿಮೆ, ಒಪ್ಪಿದೆ. ಆದರೆ ಆಯಿತು ಅಂದುಕೊಳ್ಳಿ. 45ರ ಆಸುಪಾಸಿನಲ್ಲಿ ನಿಂತ ಗರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಾವಾಗಿಯೇ ಬಿದ್ದುಹೋಗುತ್ತವೆ. ಡೌನ್ ಸಿಂಡ್ರೋಮ್ ಸಾಧ್ಯತೆ ಆ ವಯಸ್ಸಿಗೆ ಸುಮಾರು ಮೂವತ್ತಕ್ಕೆ ಒಂದು. ನನ್ನ ಬಿಪಿ ಬೇರೆ. ಗರ್ಭ ತೆಗೆಸುತ್ತೇವೆ ಅಂದರೆ ಕಾನೂನಿನ ಅಡ್ಡಿಯಿಲ್ಲ. ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿ ಆದ ಮೇಲೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಆದರೆ ತಿಂಗಳು ತಪ್ಪುವುದೇ ಮಾಮೂಲಾದವಳಿಗೆ ಬಸಿರು ಅಂತ ಗೊತ್ತಾಗುವುದೇ ತಡವಾಗಿ. ಹೆರುವುದು, ತೆಗೆಸುವುದು, ಎರಡು ಬಾಗಿಲೂ ಬೇಡ ಅನ್ನುವವರು ಚಾನ್ಸ್ ಸಣ್ಣದು ಅಂತ ಕೈಬಿಡುವುದು ನನಗೆ ಸರಿ ಕಾಣಲಿಲ್ಲ.

ಎಲ್ಲರಿಗೂ ಇದೇ ಉತ್ತರ ಬರಬೇಕು ಅಂತಿಲ್ಲ. ಪರಿಚಯದವರೊಬ್ಬರಿಗೆ 44ರಲ್ಲಿ ಹೀಗೇ ಆಯಿತು. ಮುಟ್ಟು ನಿಲ್ಲುತ್ತಿದೆ ಅಂದುಕೊಂಡಿದ್ದರು, ನೋಡಿದರೆ ನಾಲ್ಕನೇ ತಿಂಗಳು. ಇಟ್ಟುಕೊಂಡರು. ಮಗು ಈಗ ಶಾಲೆಗೆ ಹೋಗುತ್ತಿದೆ, ಚೂಟಿ. ಪೇರೆಂಟ್ಸ್ ಮೀಟಿಂಗಿನಲ್ಲಿ "ಅಜ್ಜಿನಾ?" ಅಂತ ಕೇಳುತ್ತಾರಂತೆ, ಅವರು ಹೂಂ ಅಂದುಬಿಡುತ್ತಾರಂತೆ. ಆದರೆ ಆಗಲಿ ಅನ್ನುವ ಗಂಡ ಹೆಂಡತಿ ನಾಳೆಯೇ ನಿಲ್ಲಿಸಬಹುದು. ನಾವು ಹಾಗಿರಲಿಲ್ಲ.

ಕಾಪರ್ ಟಿ ತೆಗೆಸಿದ್ದು ಜನವರಿಯಲ್ಲಿ. ಅದಕ್ಕೆ ಮೊದಲು ಒಂದು ವಾರ ಸೇರಬೇಡಿ, ಇಲ್ಲ ಕಾಂಡೋಮ್ ಬಳಸಿ ಅಂದಿದ್ದರು. ವೀರ್ಯ ಒಳಗೆ ಹಲವು ದಿನ ಬದುಕಿರಬಹುದು, ಕಾವಲು ತೆಗೆದ ದಿನವೇ ಅದಕ್ಕೆ ದಾರಿ ಸಿಗಬಾರದಲ್ವಾ. ತೆಗೆಯಲು ಹಿಡಿದದ್ದು ಒಂದು ಕ್ಷಣ. "ಕೆಮ್ಮಿ" ಅಂದರು, ಕೆಮ್ಮಿದೆ, ಮುಗಿಯಿತು. ತೋರಿಸಿ ಅಂತ ಕೇಳಿದೆ. ಬಿಳಿ ಪ್ಲಾಸ್ಟಿಕ್ಕಿನ ಸಣ್ಣ ಕಡ್ಡಿ, ಎರಡು ತೋಳು, ಸುತ್ತಿದ ತಾಮ್ರದ ತಂತಿ ಕಪ್ಪಾಗಿತ್ತು. ಕೆಳಗೆ ಎರಡೆಳೆ ದಾರ. ಇಷ್ಟಕ್ಕಾ ಅನ್ನಿಸಿತು.

ಡಾಕ್ಟರಿಗೆ ಕಾಪರ್ ಟಿ ಥರವೇ ಒಳಗೆ ಇಡುವ, ಹಾರ್ಮೋನ್ ಇರುವ ಕಾಯಿಲ್ ಹಾಕಬೇಕು ಅಂತ ಇತ್ತು. ರಕ್ತ ಹೋಗುವುದೂ ಕಡಿಮೆ ಆಗುತ್ತದೆ, 45 ದಾಟಿದ ಮೇಲೆ ಹಾಕಿಸಿದರೆ ಗರ್ಭ ತಡೆಯಲು 55ರ ತನಕ ಬಿಡಬಹುದು, ಎಣಿಸುವ ರಗಳೆಯೇ ಇಲ್ಲ. ನನ್ನ ಗೆಳತಿ ಅದನ್ನೇ ಹಾಕಿಸಿಕೊಂಡು ಖುಷಿಯಾಗಿದ್ದಾಳೆ, ರೇಟು ಮಾತ್ರ ಸಾವಿರಗಟ್ಟಲೆ. ನಾನು ಬೇಡ ಅಂದೆ. ಅದು ಮುಟ್ಟನ್ನು ಮುಚ್ಚಿಡುತ್ತದೆ. ನನ್ನದು ನಿಂತಿದೆಯೋ ಇಲ್ಲವೋ ಅಂತ ನನಗೆ ಗೊತ್ತಾಗಬೇಕು ಅನ್ನುವುದು ನನ್ನ ಹಟ. ಕಾಪರ್ ಟಿ ತೆಗೆದ ಮೇಲೂ ಹೀಗೇ ಹೋಗುತ್ತಿದ್ದರೆ ಹಾಕಿಸಿಕೊಳ್ಳುತ್ತೇನೆ ಅಂತ ಒಪ್ಪಂದವಾಯಿತು. ಕಬ್ಬಿಣದ ಮಾತ್ರೆ ಬರೆದುಕೊಟ್ಟರು.

ನಮ್ಮೆಜಮಾನರು ಒಂದು ದಿನ "ನಾನೇ ಆಪರೇಷನ್ ಮಾಡಿಸ್ಕೊಳ್ಲಾ?" ಅಂತಲೂ ಕೇಳಿದರು. ನಮ್ಮ ಮನೆತನದಲ್ಲಿ ಗಂಡಸೊಬ್ಬ ಅಂಥ ಮಾತಾಡಿದ್ದು ಅದೇ ಮೊದಲು ಇರಬೇಕು. ಹೊಲಿಗೆಯೂ ಬೇಡದ ಸಣ್ಣ ಆಪರೇಷನ್, ಆದರೆ ಆದ ದಿನದಿಂದಲೇ ನಿಶ್ಚಿಂತೆ ಅಲ್ಲ. ಮೂರು ತಿಂಗಳು ಬೇರೇನಾದರೂ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ನೋಡಬೇಕು. ಡಾಕ್ಟರು "ಮಾಡಿಸಬಹುದು, ಆದರೆ ಉಳಿದಿರೋದು ಸ್ವಲ್ಪ ವರ್ಷ, ಕಾಂಡೋಮ್ ಸರಿಯಾಗಿ ಬಳಸಿದರೆ ಸಾಕು" ಅಂದರು. ಇವರ ಮುಖ ನೋಡಬೇಕಿತ್ತು, ಪರೀಕ್ಷೆ ರದ್ದಾದ ಹುಡುಗನ ಕಳೆ.

ಈಗ ಅದರ ಜವಾಬ್ದಾರಿ ಅವರದು. ಮೊದಲೆಲ್ಲ ಮೆಡಿಕಲ್ ಶಾಪಿನಲ್ಲಿ ಜನ ಖಾಲಿಯಾಗುವ ತನಕ ಕಾದು, ಪೇಪರಿನಲ್ಲಿ ಸುತ್ತಿಸಿಕೊಂಡು ಬರುತ್ತಿದ್ದರು. ಈಗ ಆ್ಯಪಿನಲ್ಲಿ ಕೊತ್ತಂಬರಿ ಸೊಪ್ಪಿನ ಜೊತೆ ತರಿಸುತ್ತಾರೆ. ಚೀಲ ಬಂದರೆ ಮಕ್ಕಳಿಗಿಂತ ಮೊದಲು ಬಾಗಿಲಿಗೆ ಓಡುವುದೂ ಅವರೇ.

ಎಣಿಕೆ ಇಡುವುದು ನನ್ನ ಕೆಲಸ. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ, ಹಾಲಿನ ಲೆಕ್ಕ, ಅದರ ಪಕ್ಕದಲ್ಲೇ ಒಂದು ಸಣ್ಣ ಚುಕ್ಕೆ. ರಕ್ತ ಕಂಡರೆ ಚುಕ್ಕೆ, ಒಂದೇ ದಿನ ಸ್ವಲ್ಪ ಕಂಡರೂ ಚುಕ್ಕೆ. ಚುಕ್ಕೆ ಬಿದ್ದರೆ ಎಣಿಕೆ ಮತ್ತೆ ಮೊದಲಿಂದ. ಡಿಸೆಂಬರ್ ಕೊನೆಗೆ ಹಳೇ ಕ್ಯಾಲೆಂಡರ್ ರದ್ದಿಗೆ ಹಾಕುವ ಮುಂಚೆ ಕೊನೆಯ ಚುಕ್ಕೆ ಯಾವಾಗಿನದು ಅಂತ ಹೊಸದರ ಮೊದಲ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ತಿಂಗಳು ತಪ್ಪಿ ಅನುಮಾನ ಬಂದರೆ ಮೆಡಿಕಲ್ ಶಾಪಿನ ಪ್ರೆಗ್ನೆನ್ಸಿ ಕಿಟ್ ತಂದು ನೋಡುವುದು, ಮೆನೋಪಾಸ್ ಇರಬೇಕು ಅಂತ ಊಹೆ ಮಾಡುವುದಿಲ್ಲ.

ಕಾಪರ್ ಟಿ ತೆಗೆದ ಮೇಲೆ ಹೋಗುವುದು ಸುಮಾರಾಗಿ ಕಡಿಮೆಯಾಯಿತು. ಮೆಟ್ರೋದಲ್ಲಿ ಕೂರುತ್ತೇನೆ. ಬಹಳ ತಿಂಗಳು ಚುಕ್ಕೆಯೇ ಇಲ್ಲದೆ ಹೋಗಿ, ಅತ್ತೆ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶ ನೀನೇ ಇಡು ಅಂತ ಸಡಗರ ಮಾಡಿಕೊಂಡಿದ್ದರು. ಹಿಂದಿನ ದಿನ ಬಂತು. ಅವರಿಗೆ ಕಳಶದ ಚಿಂತೆ, ನನಗೆ ಚುಕ್ಕೆಯದ್ದು. ಈಗ ನನಗೆ 48. ಐವತ್ತು ದಾಟಿದ ಮೇಲೆ ನಿಂತರೆ ಒಂದೇ ವರ್ಷ ಎಣಿಸಿದರೆ ಸಾಕು. ಆಮೇಲೂ ಮತ್ತೆ ರಕ್ತ ಕಂಡರೆ ಅದು ಮುಟ್ಟು ಅಂತ ಸುಮ್ಮನೆ ಕೂರಬಾರದು, ತೋರಿಸಿಕೊಳ್ಳಬೇಕು ಅಂತ ಡಾಕ್ಟರು ಬರೆದೇ ಕೊಟ್ಟಿದ್ದಾರೆ.

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದಾಗ ಅವಳು ಮಧ್ಯದಲ್ಲಿ ಸುಮ್ಮನಾದಳು. ಅವಳಿಗೆ 54. ಮುಟ್ಟು ನಿಂತು ನಾಲ್ಕು ವರ್ಷ ಆಗಿದೆ, ವಂಕಿ ಇನ್ನೂ ಒಳಗೇ ಇದೆ. ನೋವಿಲ್ಲ, ಹಾಗಾಗಿ ಮರೆತೇ ಹೋಗಿತ್ತಂತೆ. ಕೆಲಸ ಮುಗಿದ ಮೇಲೆ ಅದನ್ನು ಒಳಗೆ ಬಿಡಬಾರದು, ಸೋಂಕಿಗೆ ದಾರಿಯಾಗಬಹುದು ಅಂತ ಬೈದೆ. ಹಾಸನದಲ್ಲಿ ಗೊತ್ತಿರುವವರ ಮುಂದೆ ನಾಚಿಕೆ ಅಂದಳು. ಸರಿ, ಇಲ್ಲಿಗೇ ಬಾ ಅಂದೆ. ಶನಿವಾರ ಬರುತ್ತಿದ್ದಾಳೆ, ಡಾಕ್ಟರ ಹತ್ತಿರ ಬೆಳಗಿನ ಟೋಕನ್ ತೆಗೆಸಿಟ್ಟಿದ್ದೇನೆ.