ಊರಿನ ಗುಣ ಹಿಡಿಯುವ ಬರವಣಿಗೆ

ಒಂದು ಪ್ರದೇಶವನ್ನು ಕುರಿತು ಬರೆಯಲು ಕುಳಿತವರು ಬಹುಮಟ್ಟಿಗೆ ಬೆಟ್ಟ, ಹೊಳೆ, ಹಸಿರುಗಳ ವರ್ಣನೆಯಿಂದಲೇ ತೊಡಗುತ್ತಾರೆ. ಅದೇ ವಾಕ್ಯಗಳು ಬೇರೊಂದು ಊರಿನ ಹೆಸರಿಗೂ ಹೊಂದಿಕೊಳ್ಳುವಂತಿದ್ದರೆ, ಬರಹದೊಳಗೆ ಆ ಊರು ಇನ್ನೂ ಬಂದಿಲ್ಲವೆಂದೇ ತಿಳಿಯಬೇಕು. ನೆಲ, ನೀರು, ಗಾಳಿಗಳು ಅಲ್ಲಿನ ಜನರಿಂದ ಏನನ್ನು ಮಾಡಿಸುತ್ತವೆ ಎಂಬುದರಲ್ಲಿ ಊರಿನ ಗುಣ ಅಡಗಿದೆ ಎಂದು ನಾನು ನಂಬಿದ್ದೇನೆ.

ಗಾಳಿ ಬಿಡದೆ ಬೀಸುವ ಊರೊಂದನ್ನು ತೆಗೆದುಕೊಳ್ಳಿ. ಗಾಳಿ ಭೋರೆಂದು ಬೀಸುತ್ತಿತ್ತು ಎಂದು ಬರೆಯುವುದು ಸುಲಭ. ಆದರೆ ಪ್ರತಿ ಬಾಗಿಲ ಬುಡದಲ್ಲಿ ಒಂದು ಗುಂಡುಕಲ್ಲು ಇರುವುದನ್ನೂ, ಹಾದಿಯಲ್ಲಿ ಎದುರಾದ ಇಬ್ಬರು ಮಾತಿಗೆ ಮೊದಲು ಗಾಳಿಗೆ ಬೆನ್ನು ಮಾಡಿ ಒಂದೇ ದಿಕ್ಕಿಗೆ ತಿರುಗಿ ನಿಲ್ಲುವುದನ್ನೂ ಕಂಡು ಬರೆದರೆ, ಗಾಳಿಯ ಹೆಸರೆತ್ತದೆಯೇ ಓದುಗನಿಗೆ ಗಾಳಿ ತಾಕುತ್ತದೆ. ಇಂಥ ವಿವರಗಳು ಊರನ್ನು ಒಮ್ಮೆ ಸುತ್ತಿಬಂದರೆ ಸಿಗುವುದಿಲ್ಲ. ಒಂದೇ ಜಾಗದಲ್ಲಿ ಬೆಳಗ್ಗೆ, ಮಧ್ಯಾಹ್ನ, ಕತ್ತಲಾದ ಮೇಲೆ ಕುಳಿತು, ಕಂಡದ್ದನ್ನು ಅಲ್ಲಿಯೇ ಬರೆದಿಟ್ಟುಕೊಳ್ಳಬೇಕು. ಹೊಸಬರು ಮೊದಲ ವಾರದ ಟಿಪ್ಪಣಿಗಳನ್ನು ಜೋಪಾನ ಮಾಡಬೇಕು, ಏಕೆಂದರೆ ರೂಢಿಯಾದದ್ದು ಬೇಗನೆ ಕಣ್ಣಿಗೆ ಬೀಳದಂತಾಗುತ್ತದೆ.

ನೆನಪನ್ನು ಪೂರ್ತಿಯಾಗಿ ನಂಬುವಂತಿಲ್ಲ. ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ಡಬ್ಲಿನ್ ನಗರದಲ್ಲಿ ನಡೆಯುವ ತಮ್ಮ ‘ಯುಲಿಸಿಸ್’ ಕಾದಂಬರಿಯನ್ನು ಪ್ಯಾರಿಸ್ಸಿನಲ್ಲಿ ಮುಗಿಸುತ್ತಿದ್ದಾಗ, 1921ರಲ್ಲಿ, ಡಬ್ಲಿನ್ನಿನಲ್ಲಿದ್ದ ತಮ್ಮ ಸೋದರಮಾವನ ಹೆಂಡತಿಗೆ ಪತ್ರ ಬರೆದು, ಎಕ್ಲ್ಸ್ ಬೀದಿಯ 7ನೇ ಸಂಖ್ಯೆಯ ಮನೆಯ ಮುಂದಿನ ಕಂಬಿಬೇಲಿಯನ್ನು ಸಾಮಾನ್ಯ ಮನುಷ್ಯನೊಬ್ಬ ಹತ್ತಿ, ಪೆಟ್ಟಾಗದಂತೆ ಕೆಳಗಿಳಿಯಬಲ್ಲನೇ ಎಂದು ವಿಚಾರಿಸಿದ್ದರು. ಬರೆಯುವವನಿಗೆ ಬೇಕಾದ ನಿಷ್ಠೆ ಅದು. ಊರು ಕಲ್ಪಿತವಾಗಿದ್ದರೂ ದೂರ, ಏರು, ಇಳಿಜಾರುಗಳ ಲೆಕ್ಕ ತಪ್ಪಬಾರದು. ಅಮೆರಿಕದ ಕಾದಂಬರಿಕಾರ ವಿಲಿಯಂ ಫಾಕ್ನರ್ ತಮ್ಮ ಕಲ್ಪನೆಯ ಜಿಲ್ಲೆಗೆ 1936ರ ಕಾದಂಬರಿಯಲ್ಲಿ ನಕ್ಷೆಯನ್ನೇ ಸೇರಿಸಿದರು. ನೀವೂ ಒಂದು ನಕ್ಷೆ ಬರೆದಿಟ್ಟುಕೊಳ್ಳಿ, ಅಚ್ಚಾಗಬೇಕೆಂದೇನೂ ಇಲ್ಲ.

ಹೆಚ್ಚಿನ ಎಚ್ಚರ ಬೇಕಾದದ್ದು ಆಡುಮಾತಿನಲ್ಲಿ. ಪ್ರತಿಯೊಂದು ಉಚ್ಚಾರಣೆಯನ್ನೂ ಕಾಗುಣಿತದಲ್ಲಿ ಹಿಡಿಯಹೊರಟರೆ ಓದುಗ ಅಕ್ಷರ ಕೂಡಿಸುವುದರಲ್ಲಿಯೇ ದಣಿಯುತ್ತಾನೆ. ಮಾತಿನ ವರಸೆ, ಒಬ್ಬರು ಇನ್ನೊಬ್ಬರನ್ನು ಕರೆಯುವ ಬಗೆ, ವಾಕ್ಯದ ಕೊನೆಗೆ ಅಂಟಿಕೊಳ್ಳುವ ಒಂದು ಸಣ್ಣ ಪದ, ಇಷ್ಟನ್ನು ತಪ್ಪದೆ ಹಿಡಿದರೆ ಉಳಿದ ದನಿಯನ್ನು ಓದುಗನ ಕಿವಿಯೇ ತುಂಬಿಕೊಳ್ಳುತ್ತದೆ. ಬಡವರ ಬಾಯಿಗೆ ಮಾತ್ರ ಆಡುನುಡಿಯನ್ನು ಕೊಟ್ಟು, ಅದೇ ಊರಿನ ಓದಿದವರಿಂದ ಗ್ರಂಥಭಾಷೆ ಆಡಿಸುವುದು ಊರಿಗೆ ಮಾಡುವ ಅನ್ಯಾಯ. ಕಸುಬಿನ ಪದಗಳನ್ನು ಬದಲಾಯಿಸದೆ ಬಳಸಿ. ಅರ್ಥವನ್ನು ಪಕ್ಕದಲ್ಲಿ ಬರೆಯುವ ಬದಲು, ಆ ವಸ್ತುವನ್ನು ಯಾರಾದರೂ ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿರುವಂತೆ ತೋರಿಸಿದರೆ ಅರ್ಥ ತಾನಾಗಿಯೇ ಹೊಳೆಯುತ್ತದೆ.

ತಿದ್ದುವಾಗ ಮೊದಲು ಸುಂದರ, ಮುಗ್ಧ, ಪ್ರಶಾಂತ ಎಂಬ ವಿಶೇಷಣಗಳನ್ನು ಹೊಡೆದುಹಾಕಿ, ಆ ಜಾಗದಲ್ಲಿ ಏನನ್ನು ಕಂಡಿದ್ದಿರೋ ಅದನ್ನು ಬರೆಯಿರಿ. ಊರಿನ ಜಗಳ, ಜಿಪುಣತನ, ಯಾರನ್ನು ಎಲ್ಲಿ ನಿಲ್ಲಿಸುತ್ತಾರೆಂಬ ಅಲಿಖಿತ ಗೆರೆಗಳು ಬಿಟ್ಟುಹೋಗಿವೆಯೇ ಎಂದು ನೋಡಿಕೊಳ್ಳಿ. ಕೊನೆಗೆ, ಅಲ್ಲಿಯೇ ಹುಟ್ಟಿ ಬೆಳೆದ ಹಿರಿಯರೊಬ್ಬರಿಗೆ ಬರಹವನ್ನು ಗಟ್ಟಿಯಾಗಿ ಓದಿ ಹೇಳಿ, ಅವರು ನಡುವೆ ತಡೆದು “ನಾವು ಹಾಗೆ ಅನ್ನುವುದಿಲ್ಲ” ಎಂದ ಕಡೆಯೆಲ್ಲ ಗುರುತು ಹಾಕಿಕೊಳ್ಳಿ.