ಕಪ್ಪು ಕಾಯಿ ಬಂದಾಗ ಕಾರೋ-ಕಾನ್ ಆಡುವ ಕ್ರಮ

ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಒಂದು ದಿನದ ರ‍್ಯಾಪಿಡ್ ಚೆಸ್ ಟೂರ್ನಿಗೆ ಹೊರಟವರು ಬಿಳಿಯ ಇ4ಗೆ (ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ) ಒಂದು ಗಟ್ಟಿ ಉತ್ತರ ಇಟ್ಟುಕೊಂಡಿರಬೇಕು. ಕಾರೋ-ಕಾನ್ ಎಂಬ ಆರಂಭ ಅಂಥದ್ದು.

1.ಇ4 ಸಿ6 2.ಡಿ4 ಡಿ5. ಸಿ6 ಕಾಲಾಳು ಡಿ5ಕ್ಕೆ ಬೆನ್ನಿಗೆ ನಿಲ್ಲುತ್ತದೆ, ಸಿ8 ಬಿಷಪ್ಪಿನ ದಾರಿಯನ್ನೂ ಕಟ್ಟುವುದಿಲ್ಲ. ಇ4ಗೆ ಇನ್ನೊಂದು ಉತ್ತರವಾದ ಫ್ರೆಂಚ್ ಡಿಫೆನ್ಸಿನಲ್ಲಿ ಮೊದಲೇ ಇ6 ಆಡುವುದರಿಂದ ಆ ಬಿಷಪ್ ಒಳಗೇ ಉಳಿಯುತ್ತದೆ. ಇಲ್ಲಿ ಬಿಷಪ್ ಮೊದಲು ಹೊರಗೆ, ಇ6 ಆಮೇಲೆ.

ಮುಖ್ಯ ಸಾಲು (× ಎಂದರೆ ಹೊಡೆತ): 3.ಕುದುರೆ ಸಿ3, ಡಿ×ಇ4 4.ಕುದುರೆ×ಇ4, ಬಿಷಪ್ ಎಫ್5 5.ಕುದುರೆ ಜಿ3, ಬಿಷಪ್ ಜಿ6 6.ಎಚ್4, ಎಚ್6. ಈ ಎಚ್6 ಮರೆತರೆ ಎಚ್5 ಬಂದು ಬಿಷಪ್ ಹೋಯಿತು. 7.ಕುದುರೆ ಎಫ್3 ಆದಾಗ ಕುದುರೆ ಡಿ7 ಆಡಿ, ಇಲ್ಲವಾದರೆ ಬಿಳಿ ಕುದುರೆ ಇ5ಕ್ಕೆ ಬಂದು ಕೂರುತ್ತದೆ. ಮುಂದೆ ಇ6, ಕುದುರೆ ಎಫ್6, ಕ್ಯಾಸಲಿಂಗ್. ಸಮಯ ನೋಡಿ ಸಿ5. ಸಿ5 ಆಡದೆ ಸುಮ್ಮನೆ ಕಾದರೆ ಬಿಳಿಗೆ ಜಾಗ ಹೆಚ್ಚುತ್ತಲೇ ಹೋಗುತ್ತದೆ.

3.ಇ5 ಬಂದರೂ ಬಿಷಪ್ ಎಫ್5. ಆಗ 4.ಎಚ್4ಗೆ ಎಚ್5 ಎನ್ನಿ. ಅವಸರದಿಂದ ಇ6 ಆಡಿದರೆ 5.ಜಿ4, ಬಿಷಪ್ ಇ4 6.ಎಫ್3, ಬಿಷಪ್ ಜಿ6 7.ಎಚ್5, ತಪ್ಪಿಸಿಕೊಳ್ಳಲು ಮನೆಯೇ ಇಲ್ಲ.

3.ಕುದುರೆ ಸಿ3 ಸಾಲಿನ ನಾಲ್ಕನೇ ನಡೆಯಲ್ಲಿ ಬಿಷಪ್ ಎಫ್5 ಬದಲು ಕುದುರೆ ಡಿ7 ಆಡುವವರೂ ಇದ್ದಾರೆ. ಅವರಿಗೆ ಎಚ್ಚರ ಹೆಚ್ಚು ಬೇಕು. 5.ಕುದುರೆ ಜಿ5, ಜಿ8 ಕುದುರೆ ಎಫ್6 6.ಬಿಷಪ್ ಡಿ3, ಇ6 7.ಜಿ1 ಕುದುರೆ ಎಫ್3 ಆದಾಗ ಸರಿಯಾದ ನಡೆ ಬಿಷಪ್ ಡಿ6. ಮುಖ್ಯ ಸಾಲಿನಲ್ಲಿ ಕಾಪಾಡಿದ ಎಚ್6 ಇಲ್ಲಿ ಕೆಡಿಸುತ್ತದೆ: 8.ಕುದುರೆ×ಇ6! ಆ ಕುದುರೆಯನ್ನು ಎಫ್7 ಕಾಲಾಳು ಹೊಡೆದರೆ ಜಿ6 ಮನೆಗೆ ಕಾವಲಿಲ್ಲ, ಬಿಷಪ್ ಅಲ್ಲಿಂದ ಶಹ ಕೊಡುತ್ತದೆ. 1997ರಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ವಿರುದ್ಧದ ಕೊನೆಯ ಆಟದಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಇದೇ ಎಚ್6 ಆಡಿ 19 ನಡೆಗಳಲ್ಲಿ ಸೋಲೊಪ್ಪಿದರು.

ಇದೇ ಸಾಲಿನಲ್ಲಿ 5.ರಾಣಿ ಇ2 ಬಂದರೆ ಡಿ6 ಮನೆ ಓಬವ್ವನ ಕಿಂಡಿಯಾಗುತ್ತದೆ. ಹಿಂದೆ ರಾಜ, ಎದುರಿಗೆ ರಾಣಿ ಇರುವುದರಿಂದ ಇ7 ಕಾಲಾಳು ಅಲುಗಾಡುವಂತಿಲ್ಲ. ಬಿಳಿ ಕುದುರೆ ಡಿ6ಕ್ಕೆ ನುಗ್ಗಿದರೆ ಮೇಟ್. ಡಿ7 ಕುದುರೆಯನ್ನೇ ಎಫ್6ಗೆ ತನ್ನಿ. ಡಿ ಸಾಲು ತೆರೆದು ನಿಮ್ಮ ರಾಣಿ ಕಾವಲಿಗೆ ಬರುತ್ತಾಳೆ. ಟೂರ್ನಿಯಲ್ಲಿ ಮುಟ್ಟಿದ ಕಾಯಿ ನಡೆಸಲೇಬೇಕು. ಜಿ8 ಕುದುರೆಗೆ ಕೈ ತಾಗಿತೋ, ಅದಕ್ಕಿರುವುದು ಎಫ್6, ಎಚ್6 ಎರಡೇ ಮನೆ. ಎಲ್ಲಿಟ್ಟರೂ ಮುಂದಿನ ನಡೆಗೆ ಮೇಟ್.